ತವರಿಗೆ ಹೋದವರನ್ನು ಕಳೆದುಹೋದವರೆಂದ ಸಮಿತಿಗೆ

ದಾವಣಗೆರೆ, ಹಳೇ ಭಟ್ಟಿ ಬಡಾವಣೆ
ಫೆಬ್ರವರಿ 30, 2121

ಇವರಿಗೆ: ರಾಜ್ಯ ಆರೋಗ್ಯ ಅಧ್ಯಯನ ಅನುದಾನ ಸಮಿತಿಯ ಅಧ್ಯಕ್ಷರು ಮತ್ತು ಎಂಟು ಮಂದಿ ಸದಸ್ಯರು
ಪ್ರತಿ: 2034ನೆಯ ಇಸವಿಯಲ್ಲಿ ಪತ್ರಿಕೆ ಓದುವ ಅಭ್ಯಾಸ ಇನ್ನೂ ಇರುವ ಎಲ್ಲರಿಗೆ
ಇವರಿಂದ: ನೇಸರ, ಪ್ರಣತಿಯ ಮಗಳು, ಕೊಟ್ರಮ್ಮನ ಮೊಮ್ಮಗಳು

2034ರ ಮಾರ್ಚ್ ಹನ್ನೊಂದರಂದು, ಮಧ್ಯಾಹ್ನದ ಊಟಕ್ಕೆ ಏಳುವ ಮುಂಚೆ, ನೀವು ಒಂಬತ್ತು ಜನ ಕೈ ಎತ್ತಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ತಾಯಿ-ಮಕ್ಕಳ ಅಧ್ಯಯನಕ್ಕೆ ಸರ್ಕಾರ ಕೊಡುತ್ತಿದ್ದ ಅನುದಾನವನ್ನು ನಿಲ್ಲಿಸಿದಿರಿ. ಮೂವತ್ತು ವರ್ಷ ನಡೆಯಬೇಕಾಗಿದ್ದ ಅಧ್ಯಯನ ಅದು. ಆರನೆಯ ವರ್ಷಕ್ಕೆ ಅದರ ಕತ್ತು ಹಿಚುಕಿದಿರಿ. ಸೇರಿಸಿಕೊಂಡ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಕಳೆದುಹೋಗಿದ್ದಾರೆ, ಇಂಥ ಅಧ್ಯಯನದಿಂದ ನಂಬುವಂಥ ಉತ್ತರ ಬರುವುದಿಲ್ಲ ಎಂದು ಕಾರಣ ಹೇಳಿದಿರಿ. ಅವರು ಯಾರೂ ಕಳೆದುಹೋಗಿರಲಿಲ್ಲ. ಹೆರಿಗೆಗೆ ತವರಿಗೆ ಹೋಗಿದ್ದರು. ಅದು ನಿಮಗೆ ಗೊತ್ತಿತ್ತು. ನಿಮ್ಮ ಸಭೆಯ ಧ್ವನಿಮುದ್ರಣ ಇವತ್ತಿಗೂ ಉಳಿದಿದೆ. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನಿಮ್ಮಲ್ಲಿ ಯಾರು ಯಾವ ಮಾತಿನ ನಡುವೆ ಕೆಮ್ಮಿದರು ಎಂಬುದೂ ನನಗೆ ಬಾಯಿಪಾಠವಾಗಿದೆ.

ಮೇಲಿನ ದಿನಾಂಕ ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮೇ ತಿಂಗಳಲ್ಲಿ ಹೇಗೂ ಯಾರೂ ಹೊರಗೆ ಕಾಲಿಡುವುದಿಲ್ಲ, ಅದರ ದಿನ ಕತ್ತರಿಸಿ ತಂಪಿರುವ ತಿಂಗಳಿಗೆ ಕೊಡಿ ಎಂದು ನಮ್ಮ ಅಪ್ಪಂದಿರ ಕಾಲದ ಒಂದು ಸರ್ಕಾರ ತೀರ್ಮಾನಿಸಿತು. ದಿನ ಬದಲಾಯಿತೇ ಹೊರತು ಬಿಸಿಲು ಬದಲಾಗಲಿಲ್ಲ. ಸರ್ಕಾರಗಳು ಲೆಕ್ಕ ಸರಿಮಾಡಿ ಕಾಯಿಲೆ ಹಾಗೇ ಬಿಡುವ ಕಲೆ ನಿಮ್ಮ ಕಾಲಕ್ಕೇ ಮುಗಿಯಲಿಲ್ಲ ಎಂದು ತಿಳಿಸಲಷ್ಟೇ ಇದನ್ನು ಹೇಳಿದೆ. ನನ್ನ ಮಾತಿನಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಬಂದರೆ ಕ್ಷಮೆಯಿರಲಿ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಪತ್ರವನ್ನು ತರುತ್ತಿರುವುದು ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬಹಳ ಜನ ಅದನ್ನು ತೀರಿಹೋದ ಅಪ್ಪನಿಗೋ, ಕೈತಪ್ಪಿದ ಪ್ರೀತಿಗೋ ಬರೆಯುತ್ತಾರೆ. ನಾನು ಒಂದು ಸಮಿತಿಗೆ ಬರೆಯುತ್ತೇನೆಂದಾಗ ಕೌಂಟರಿನ ಹೆಂಗಸು ನನ್ನ ಮುಖವನ್ನೇ ನೋಡಿದಳು. ಅವ್ವ ಇಲ್ಲವಾ ನಿಮಗೆ, ಅವ್ವನಿಗೆ ಬರೀಬಾರದಾ ಎಂದು ಕೇಳಿದಳು. ಅವ್ವನ ಸಲುವಾಗಿಯೇ ಬರೆಯುತ್ತಿದ್ದೇನೆ ಎಂದೆ. 2034ರ ಏಪ್ರಿಲ್‌ಗಿಂತ ಹಿಂದಕ್ಕೆ ಈ ಅಂಚೆ ಹೋಗುವುದಿಲ್ಲ. ಆದ್ದರಿಂದ ನೀವು ಕೈ ಎತ್ತುವುದನ್ನು ನಾನು ತಡೆಯಲಾರೆ. ಎತ್ತಿದ ಕೈಯನ್ನು ಇಳಿಸಿ ಎಂದು ಹೇಳಬಲ್ಲೆ, ಅಷ್ಟೆ.

ಮೊದಲು ನಾವು ಹೇಗೆ ಬದುಕುತ್ತಿದ್ದೇವೆಂದು ಕೇಳಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರಿನಲ್ಲಿ ಹಗಲುಮುಚ್ಚು ಇರುತ್ತದೆ. ಶಾಲೆ, ಕಚೇರಿ, ಅಂಗಡಿ, ಮದುವೆ, ಮಣ್ಣು, ಎಲ್ಲವೂ ಅದರ ಆಚೆ ಈಚೆ ನಡೆಯಬೇಕು. ಮನೆಗಳ ಅರ್ಧ ಭಾಗ ನೆಲದೊಳಗಿದೆ. ಮೇಲಿನ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ, ಒಗೆದ ಬಟ್ಟೆ ಹರವಲು ಮತ್ತು ಬೇಡದ ನೆಂಟರನ್ನು ಕೂರಿಸಲು ಬಳಸುತ್ತೇವೆ. ಮಂಡಕ್ಕಿಯನ್ನು ನಾವು ಬಿಟ್ಟಿಲ್ಲ. ಮೆಣಸಿನಕಾಯಿ ಬಜ್ಜಿಯನ್ನೂ ಬಿಟ್ಟಿಲ್ಲ. ದಾವಣಗೆರೆಯವರು ಅದನ್ನು ಬಿಡುವ ಕಾಲಕ್ಕೆ ಭೂಮಿ ಉಳಿದಿರುವುದಿಲ್ಲ. ಆದರೆ ಅದನ್ನು ಹುರಿಯುವುದು ಈಗ ಯಂತ್ರ. ಮನುಷ್ಯರನ್ನು ಭಟ್ಟಿಯ ಮುಂದೆ ನಿಲ್ಲಿಸುವಂತಿಲ್ಲ ಎಂದು ಕಾನೂನಿದೆ. ಆ ಕಾನೂನು ಬರುವ ಹೊತ್ತಿಗೆ ಇಡೀ ಬಯಲುಸೀಮೆಯೇ ಭಟ್ಟಿಯಾಗಿತ್ತು.

ನಮ್ಮ ಊರಿನಲ್ಲಿ ದೇವಸ್ಥಾನ, ಮಸೀದಿಗಳಿಗಿಂತ ತೊಳೆಮನೆಗಳು ಹೆಚ್ಚು. ಕಿಡ್ನಿ ಸೋತವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ತೊಳೆದು ಮತ್ತೆ ಮೈಗೆ ಬಿಡುವ ಜಾಗ ಅದು. ನಿಮ್ಮಲ್ಲಿ ಡಯಾಲಿಸಿಸ್ ಕೇಂದ್ರ ಎನ್ನುತ್ತಿದ್ದಿರಿ. ಆಗ ಅದು ಆಸ್ಪತ್ರೆಯ ಒಂದು ಮೂಲೆ. ಈಗ ಬೀದಿಗೊಂದು. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮುಂಚೆ ನಿಮ್ಮ ಮನೆಯಲ್ಲಿ ತೊಳೆವಾರ ಯಾರಿಗೆ ಯಾವಾಗ ಎಂದು ಕೇಳುತ್ತಾರೆ. ನನಗೆ ಮಂಗಳವಾರ ಮತ್ತು ಶುಕ್ರವಾರ. ಪಕ್ಕದ ಕುರ್ಚಿಯ ನಿವೃತ್ತ ಮೇಷ್ಟರು ಪ್ರತಿ ಶುಕ್ರವಾರ, ಏನಮ್ಮಾ, ಇವತ್ತು ಯಾವ ಸರ್ಕಾರವನ್ನು ಬೈಯುವುದು ಎಂದು ಶುರುಮಾಡುತ್ತಾರೆ. ನಾನು ನಿಮ್ಮ ಸಮಿತಿಯ ಹೆಸರು ಹೇಳುತ್ತೇನೆ. ಅವರಿಗೆ ಬೇಸರ. ಸತ್ತವರನ್ನು ಬೈದರೆ ರುಚಿ ಇಲ್ಲ ಎನ್ನುತ್ತಾರೆ.

ಈ ಕಾಯಿಲೆಗೆ ಬಿಸಿಸೊರಗು ಎಂದು ಹೆಸರು. ಬದನೆಗಿಡ ಬೆಳಿಗ್ಗೆ ಹಸಿರಾಗಿದ್ದು ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತದಲ್ಲ, ಹಾಗೆ. ತಾಯಿ ಬಸುರಿಯಾಗಿದ್ದಾಗ ತಡೆಯಲಾರದ ಶಾಖದಲ್ಲಿ ದುಡಿದಿದ್ದರೆ, ಹೊಟ್ಟೆಯೊಳಗಿನ ಮಗುವಿನ ಕಿಡ್ನಿ ಪೂರ್ತಿ ಬಲಿಯುವುದಿಲ್ಲ. ಮಗು ಚೆನ್ನಾಗಿಯೇ ಹುಟ್ಟುತ್ತದೆ, ಆಡುತ್ತದೆ, ಓದುತ್ತದೆ, ಮದುವೆಯಾಗುತ್ತದೆ. ಮೂವತ್ತು ದಾಟುತ್ತಲೇ ಸೊರಗುತ್ತದೆ. ಇಷ್ಟು ನಮಗೆ ಗೊತ್ತು. ಹೊಟ್ಟೆಯಲ್ಲಿರುವ ಒಂಬತ್ತು ತಿಂಗಳಲ್ಲಿ ಯಾವ ತಿಂಗಳ ಶಾಖ ಮಗುವನ್ನು ಕೆಡಿಸುತ್ತದೆ ಎಂಬುದು ಗೊತ್ತಿಲ್ಲ. ಅದನ್ನೇ ತಿಳಿಯಲು ಹೊರಟವರು ಡಾಕ್ಟರ್ ಗಿರಿಜಾ ಬಣಕಾರ. ನೀವು ತಡೆದದ್ದು ಅವರನ್ನು.

ನೀವು ಮರೆತಿರಬಹುದು, ಆದ್ದರಿಂದ ಆ ಅಧ್ಯಯನ ಏನಾಗಿತ್ತೆಂದು ನೆನಪಿಸುತ್ತೇನೆ. ಭಟ್ಟಿಯಲ್ಲಿ ನೆನೆದು ಬೆಂದ ಭತ್ತವನ್ನು ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿಯುತ್ತಿದ್ದರು. ಒಲೆಗೆ ಹೊಟ್ಟಿನ ಬೆಂಕಿ, ಮೇಲೆ ತಗಡಿನ ಸೂರು. ಆ ಒಲೆಯ ಮುಂದೆ ಬಸುರಿಯರೂ ನಿಲ್ಲುತ್ತಿದ್ದರು. ಡಾಕ್ಟರ್ ಬಣಕಾರ ಅರ್ಧ ಭಟ್ಟಿಗಳಲ್ಲಿ ನೆರಳು ಸರದಿ ತಂದರು. ಬಸುರಿಯಾದವಳನ್ನು ಒಲೆ ಬಿಡಿಸಿ, ನೆರಳಿನಲ್ಲಿ ಜರಡಿ ಹಿಡಿಯುವ, ಚೀಲ ತುಂಬುವ ಕೆಲಸಕ್ಕೆ ಹಾಕುವುದು, ಹೊತ್ತು ಹೊತ್ತಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡುವುದು, ಕೂಲಿಯಲ್ಲಿ ಕಡಿಮೆ ಬಿದ್ದದ್ದನ್ನು ಅನುದಾನದಿಂದ ತುಂಬುವುದು. ಉಳಿದ ಭಟ್ಟಿಗಳಲ್ಲಿ ಎಂದಿನಂತೆ ಕೆಲಸ. ಎರಡೂ ಕಡೆಯ ಹೆಂಗಸರಿಗೆ ತಿಂಗಳಿಗೊಮ್ಮೆ ತಪಾಸಣೆ. ಆಮೇಲೆ ಹುಟ್ಟಿದ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡುತ್ತ, ಅವರು ಮೂವತ್ತು ಮುಟ್ಟುವವರೆಗೆ ಬಿಡದೆ ಹಿಂಬಾಲಿಸುವುದು. ಇಷ್ಟೇ. ಇದರಲ್ಲಿ ಹೊಸ ಮದ್ದಿಲ್ಲ, ದೊಡ್ಡ ಯಂತ್ರವಿಲ್ಲ. ಕಾಯುವುದೇ ಕೆಲಸ. ಕಾಯುವುದಕ್ಕೆ ಹಣ ಕೊಡುವುದು ನಿಮ್ಮಂಥವರಿಗೆ ಬಹಳ ಕಷ್ಟ. ರಿಬ್ಬನ್ ಕತ್ತರಿಸಲು ಅಲ್ಲಿ ಏನೂ ಇರುವುದಿಲ್ಲ.

ನಿಮ್ಮ ನಿಯಮ ಹೀಗಿತ್ತು: ಸತತ ಎರಡು ತಪಾಸಣೆಗೆ ಸಿಗದವರನ್ನು ಕಳೆದುಹೋದವರೆಂದು ಪರಿಗಣಿಸತಕ್ಕದ್ದು. ಒಮ್ಮೆ ಹಾಗೆ ಪರಿಗಣಿಸಿದವರನ್ನು ಮತ್ತೆ ಸೇರಿಸತಕ್ಕದ್ದಲ್ಲ. ಈ ನಿಯಮವನ್ನು ಎಲ್ಲಿಂದ ಎತ್ತಿ ತಂದಿರೋ ನಾನರಿಯೆ. ಹೆರಿಗೆ ಎಂದರೆ ಹೆಂಗಸು ತನ್ನ ಮನೆಯಲ್ಲೇ ಇದ್ದು, ಹತ್ತಿರದ ಆಸ್ಪತ್ರೆಗೆ ಹೋಗಿ, ಮೂರನೆಯ ದಿನ ಅದೇ ಮನೆಗೆ ಮರಳುವ ಯಾವುದೋ ದೇಶದಿಂದ ಬಂದಿರಬೇಕು. ನಮ್ಮಲ್ಲಿ ಏಳನೆಯ ತಿಂಗಳಿಗೆ ಸೀಮಂತ ಮಾಡಿ, ಮಡಿಲು ತುಂಬಿ, ತವರಿನವರು ಕರೆದುಕೊಂಡು ಹೋಗುತ್ತಾರೆ. ಬಾಣಂತನ ಮುಗಿಸಿ, ಐದು ತಿಂಗಳಿಗೆ ತೊಟ್ಟಿಲ ಸಮೇತ ಕಳಿಸುತ್ತಾರೆ. ಇದನ್ನು ತಿಳಿಯಲು ಡಾಕ್ಟರು ಓದಬೇಕಿಲ್ಲ. ನಿಮ್ಮಲ್ಲಿ ಒಬ್ಬೊಬ್ಬರೂ ಹೀಗೆಯೇ ಹುಟ್ಟಿದವರು. ಆದರೂ ಬಸುರಿಯರ ಅಧ್ಯಯನವೊಂದಕ್ಕೆ, ಬಸುರಿಯರು ಖಂಡಿತವಾಗಿ ಊರಲ್ಲಿ ಇರದ ತಿಂಗಳುಗಳಲ್ಲಿ ಇರಲೇಬೇಕು ಎಂಬ ನಿಯಮ ಹಾಕಿದಿರಿ. ಕಂಕುಳಲ್ಲಿ ಕೂಸು ಎತ್ತಿಕೊಂಡು ಮರಳಿ ಬಂದು ತಪಾಸಣೆಯ ಮೇಜಿನ ಮುಂದೆ ನಿಂತವಳನ್ನು, ನೀನು ಕಳೆದುಹೋಗಿದ್ದೀಯ ಎಂದು ನಿಮ್ಮ ನಿಯಮ ವಾಪಸು ಕಳಿಸಿತು.

ಇಷ್ಟು ಸಾಲದೆಂದು ಒಂದು ಫೋನ್ ತಪಾಸಣೆ ಬೇರೆ. ಯಾರ್ಯಾರು ಕಳೆದುಹೋಗಿದ್ದಾರೆಂದು ಖಚಿತ ಮಾಡಿಕೊಳ್ಳಲು ನೀವು ಒಂದು ಕಂಪನಿಯಿಂದ ಮನೆಮನೆಗೆ ಫೋನ್ ಮಾಡಿಸಿದಿರಿ. ನಮ್ಮ ಅಜ್ಜಿ ಕೊಟ್ರಮ್ಮ ಆಗ ಚೊಚ್ಚಲ ಬಸುರಿ, ಜಗಳೂರು ಕಡೆಯ ತನ್ನ ತವರಲ್ಲಿದ್ದಳು. ಫೋನ್ ಎತ್ತಿದ್ದು ಅವಳ ಅತ್ತೆ ಹಾಲವ್ವ. ಆ ಮಾತುಕತೆಯನ್ನು ಅಜ್ಜಿ ಮುದುಕಿಯಾದ ಮೇಲೂ ಎರಡು ದನಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದಳು. ಕೊಟ್ರಮ್ಮ ಇದಾರಾ ಎಂದು ಬೆಂಗಳೂರಿನ ಹುಡುಗ ಕೇಳಿದ.

“ಇಲ್ರಿ, ಹೋಗ್ಯಾಳ.”

“ಎಲ್ಲಿಗೆ ಹೋಗಿದಾರೆ?”

“ಊರಿಗೆ.”

“ಯಾವಾಗ ವಾಪಸ್ ಬರ್ತಾರೆ?”

“ಅದನ್ನ ನಾ ಹೆಂಗ್ ಹೇಳ್ಲಪ್ಪಾ? ಅವ್ರವ್ವ ಕಳಿಸ್ದಾಗ ಬರ್ತಾಳ.”

ಸೊಸೆ ಬಸುರಿ, ಇಂಥ ತಿಂಗಳು ಹೆರುತ್ತಾಳೆ ಎಂದು ಮುಖ ಕಾಣದ ಗಂಡಸಿಗೆ ಹಾಲವ್ವ ಹೇಳುತ್ತಾಳೆಯೇ? ದೃಷ್ಟಿಯಾಗುವುದಿಲ್ಲವೇ? ಯಾವ ಅತ್ತೆಯೂ ಹೇಳಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು: ಹೋಗ್ಯಾಳ. ಹುಡುಗ ‘ಸ್ಥಳ ತೊರೆದಿದ್ದಾರೆ’ ಎಂಬ ಗುಂಡಿ ಒತ್ತಿದ. ಕೇಳಿದವನೂ ಕನ್ನಡದವನು, ಹೇಳಿದವಳೂ ಕನ್ನಡದವಳು. ಹಾಗಿದ್ದೂ ಒಂದು ಪದದ ಎರಡು ಕಡೆ ಇಬ್ಬರು ನಿಂತರು. ಈ ನಾಡಿನಲ್ಲಿ ಮನೆಯಿಂದ ಹೊರಡುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ನೀವು ಆ ಮಾತಿನ ಮೊದಲರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಿ.

ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದಿತ್ತು. ತಪ್ಪು ಯಾರಿಂದಲೂ ಆಗುತ್ತದೆ, ಅದಕ್ಕೆ ಎಂಬತ್ತೇಳು ವರ್ಷ ಹಿಂದಕ್ಕೆ ಪತ್ರ ಬರೆಯುವಷ್ಟು ಸಿಟ್ಟು ನನಗೆ ಬರುವುದಿಲ್ಲ. ಸಿಟ್ಟು ಬರುವುದು ಮಾರ್ಚ್ ಹನ್ನೊಂದರ ಸಭೆಯನ್ನು ಕೇಳಿದಾಗ. ಡಾಕ್ಟರ್ ಬಣಕಾರ ಅಂದು ಒಬ್ಬರೇ ಬರಲಿಲ್ಲ. ನೀವು ಕಳೆದುಹೋದವರೆಂದ ಹೆಂಗಸರಲ್ಲಿ ರೈಲಿನ ಒಂದು ಬೋಗಿ ತುಂಬುವಷ್ಟು ಜನರನ್ನು ಕರೆತಂದಿದ್ದರು. ಅತ್ತೆ ಹಾಲವ್ವನ ಜೊತೆ ನಮ್ಮ ಅಜ್ಜಿ ಇದ್ದಳು. ಅವಳ ಮಡಿಲಲ್ಲಿ ನಾಲ್ಕು ತುಂಬದ ನಮ್ಮ ಅವ್ವ ಪ್ರಣತಿ ಇದ್ದಳು. ಧ್ವನಿಮುದ್ರಣದ ಹಿನ್ನೆಲೆಯಲ್ಲಿ ನೀರು ಬೇಕು ಎಂದು ಹಟ ಮಾಡುವ ಒಂದು ಮಗುವಿನ ದನಿ ಕೇಳುತ್ತದೆ. ಅದು ಅವ್ವನೇ ಎಂದು ಅಜ್ಜಿ ಹೇಳುತ್ತಿದ್ದಳು. ಬೇರೆ ಯಾರದ್ದೋ ಇರಬಹುದು. ನಾನು ಅವ್ವನದೆಂದೇ ಕೇಳುತ್ತೇನೆ.

ಸಭೆ ಶುರುವಾಗುವ ಮುಂಚೆ ಅಧ್ಯಕ್ಷರು ಎಲ್ಲರಿಗೂ ಮೈಸೂರುಪಾಕು ಹಂಚಿಸಿದರು. ಅವರ ಮಗಳು ಪುಣೆಯಿಂದ ಹೆರಿಗೆಗೆ ಬಂದವಳು ಹಿಂದಿನ ವಾರ ಗಂಡುಮಗು ಹೆತ್ತಿದ್ದಳು. ಹಾಲವ್ವನೂ ಒಂದು ತುಂಡು ತೆಗೆದುಕೊಂಡು, ಕೂಸಿಗೆ ನೂರು ವರ್ಷ ಆಯುಸ್ಸು ಇರಲಿ ಎಂದು ಹರಸಿದಳು. ಆಮೇಲೆ ಡಾಕ್ಟರ್ ಬಣಕಾರ ಎದ್ದು ನಿಂತರು. ಹೆಂಗಸರು ಊರಿಗೆ ಹೋಗುವುದು ಅಧ್ಯಯನದ ದೋಷವಲ್ಲ, ಅದೇ ಅಧ್ಯಯನಕ್ಕೆ ಸಿಕ್ಕ ಭಾಗ್ಯ ಎಂದು ಬಿಡಿಸಿ ಹೇಳಿದರು. ಕೆಲವರು ಐದನೆಯ ತಿಂಗಳಿಗೇ ತವರಿಗೆ ಹೋಗಿದ್ದಾರೆ, ಬಹಳ ಜನ ಏಳಕ್ಕೆ, ಕೆಲವರು ಒಂಬತ್ತಕ್ಕೆ. ತವರಿಲ್ಲದವರು ಹೆರುವ ದಿನದವರೆಗೂ ಒಲೆಯ ಮುಂದೆಯೇ ಇದ್ದಾರೆ. ನಾವು ಯಾರನ್ನೂ ಬಲವಂತ ಮಾಡದೆ, ಒಂದು ಸಂಪ್ರದಾಯವೇ ಇವರನ್ನು ಬೇರೆ ಬೇರೆ ತಿಂಗಳಲ್ಲಿ ಶಾಖದಿಂದ ಎಬ್ಬಿಸಿ ಕಳಿಸಿದೆ ಎಂದರು. ಕೊನೆಗೆ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಇವರು ಕಳೆದುಹೋಗಿಲ್ಲ ಸರ್. ಒಲೆ ಮುಂದಿಂದ ಎದ್ದು ಹೋಗಿದ್ದಾರೆ. ಯಾವ ತಿಂಗಳು ಎದ್ದು ಹೋದರು ಅನ್ನೋದರಲ್ಲೇ ನಮ್ಮ ಉತ್ತರ ಇದೆ. ಮಕ್ಕಳು ದೊಡ್ಡವರಾಗೋವರೆಗೆ ಕಾಯೋಣ. ಅಷ್ಟೇ ನಾನು ಕೇಳ್ತಿರೋದು.”

ನಿಮ್ಮಲ್ಲೊಬ್ಬರು, ಹೆಸರು ಹೇಳದೆ ಮಾತಾಡಿದ್ದಾರೆ, ಮೂವತ್ತು ವರ್ಷ ಅಂದರೆ ಫಲಿತಾಂಶ ನೋಡಲು ನಮ್ಮಲ್ಲಿ ಯಾರು ಇರುತ್ತಾರೆ ಡಾಕ್ಟ್ರೇ ಎಂದು ನಗೆಯಾಡಿದರು. ನಾವಿದ್ದೇವೆ. ಆ ಪ್ರಶ್ನೆಗೆ ಉತ್ತರ ಇದು, ತಡವಾಗಿ ಬಂದಿದೆ. ನಾವು ಇದ್ದೇವೆ.

ಅಧ್ಯಕ್ಷರು ಬೇಸರದ ದನಿಯಲ್ಲಿ, ಭಾವನೆ ಅರ್ಥವಾಗುತ್ತದೆ, ಆದರೆ ನಿಯಮ ಎಲ್ಲರಿಗೂ ಒಂದೇ ಎಂದರು. ಆಗ ಹಾಲವ್ವ ಕುಳಿತಲ್ಲಿಂದಲೇ ಕೇಳಿದಳು.

“ಅಲ್ರಿ ಸಾಹೇಬ್ರ, ಹಂಗಾರ ನಿಮ್ ಮಗಳು ಪುಣೆದಾಗ ಕಳದ್ಹೋಗ್ಯಾಳೇನ್ರಿ? ಅಲ್ಲಿ ಆಕಿನ್ನ ಯಾರಾರ ಹುಡುಕಾಕತ್ತಾರೇನು?”

ಇಡೀ ಕೋಣೆ ನಕ್ಕಿತು. ಅಧ್ಯಕ್ಷರೂ ನಕ್ಕರು. ಚೆನ್ನಾಗಿ ಹೇಳಿದಿರಿ ಅಮ್ಮಾ ಎಂದರು. ನಗು ಇಳಿಯುತ್ತಿದ್ದಂತೆ, ಇನ್ನು ಮತಕ್ಕೆ ಹಾಕೋಣ ಎಂದರು. ಒಂಬತ್ತು ಕೈ ಮೇಲೆದ್ದವು. ನಾನು ನಿಮ್ಮನ್ನು ದಡ್ಡರೆಂದು ಬೈಯಲಾರೆ. ದಡ್ಡರಿಗೆ ಆ ಮಾತಿಗೆ ನಗು ಬರುತ್ತಿರಲಿಲ್ಲ. ನಿಮಗೆ ಅರ್ಥವಾಯಿತು, ಅರ್ಥವಾದ್ದರಿಂದ ನಕ್ಕಿರಿ, ನಕ್ಕು ನಿಲ್ಲಿಸಿದಿರಿ. ನಿಮ್ಮ ಮಗಳು ಹೋದರೆ ಬಾಣಂತನ, ಭಟ್ಟಿಯವಳು ಹೋದರೆ ನಾಪತ್ತೆ. ಅದೇ ಅನುದಾನವನ್ನು ಒಂದು ದಿನದ ತಪಾಸಣಾ ಮೇಳಗಳಿಗೆ ತಿರುಗಿಸಿದಿರಿ. ಬ್ಯಾನರು, ಶಾಮಿಯಾನ, ಸಾಲಿನಲ್ಲಿ ನಿಂತವರ ಫೋಟೋ, ಸಂಜೆಗೆ ಫಲಿತಾಂಶ. ಭಟ್ಟಿಯ ಹೆಂಗಸರನ್ನೂ ಅಲ್ಲಿಗೆ ಕರೆದು ಬಿ.ಪಿ. ನೋಡಿ ಕಳಿಸಿದರಂತೆ. ಅಜ್ಜಿಗೆ ಅಲ್ಲೊಂದು ಟೋಪಿ ಕೊಟ್ಟಿದ್ದರು.

ಆಮೇಲೆ ನಡೆದದ್ದು ನಿಮಗೆ ಇನ್ನೂ ಗೊತ್ತಿಲ್ಲ, ಯಾಕೆಂದರೆ ನೀವು ಇನ್ನೂ ಏಪ್ರಿಲ್‌ನಲ್ಲಿದ್ದೀರಿ. ಆರು ವರ್ಷ ಕೂಡಿಟ್ಟ ರಕ್ತ, ಮೂತ್ರ, ಹೊಕ್ಕುಳಬಳ್ಳಿಯ ಮಾದರಿಗಳು ಕಾಲೇಜೊಂದರ ಶೀತಲ ಕೋಣೆಯಲ್ಲಿವೆ. ಅನುದಾನ ನಿಂತದ್ದರಿಂದ ಜೂನ್ ಕೊನೆಗೆ ಆ ಕೋಣೆಯ ವಿದ್ಯುತ್ ಕಡಿಯುತ್ತಾರೆ. ಡಾಕ್ಟರ್ ಬಣಕಾರ ಎಲ್ಲರ ಬಾಗಿಲು ಬಡಿಯುತ್ತಾರೆ. ಕೊನೆಗೆ ಐಸ್‌ಕ್ಯಾಂಡಿ ಕಾರ್ಖಾನೆಯ ಮಾಲೀಕರೊಬ್ಬರು ಮಳೆಗಾಲದಲ್ಲಿ ತಮ್ಮ ಕೋಣೆ ಖಾಲಿ, ಇಟ್ಟುಕೊಳ್ಳಿ ತಾಯಿ ಎನ್ನುತ್ತಾರೆ. ಮುಂದಿನ ಬೇಸಿಗೆಗೆ ಅವರಿಗೆ ಜಾಗ ಬೇಕಾಗುತ್ತದೆ. ಅಲ್ಲಿಗೆ ಮುಗಿಯಿತು. ಎಲ್ಲ ಕರಗಿ, ಡಬ್ಬಿಗಳಲ್ಲಿ ಬಣ್ಣದ ನೀರು ಉಳಿಯಿತು. ಭಟ್ಟಿಗಳು ಒಂದೊಂದಾಗಿ ಮುಚ್ಚಿದವು, ಜನ ಚದುರಿದರು. ಆಗ ನಿಜವಾಗಿಯೂ ಕಳೆದುಹೋದರು.

ನಮ್ಮ ಅವ್ವ ಪ್ರಣತಿ ತೀರಿಕೊಂಡದ್ದು ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ. ನನಗೆ ಆಗ ಹತ್ತು ವರ್ಷ. ಮುಖ ಊದಿಕೊಂಡಿತ್ತು, ಬಾಯಿಗೆ ಯಾವುದೂ ರುಚಿಸುತ್ತಿರಲಿಲ್ಲ, ಮಂಡಕ್ಕಿಯನ್ನು ಒಂದೊಂದೇ ಕಾಳು ನಾಲಿಗೆಯ ಮೇಲಿಟ್ಟುಕೊಂಡು ಕರಗಿಸುತ್ತಿದ್ದಳು. ಅವಳು ಹೋದ ಮೇಲೆ ಕೊಟ್ರಮ್ಮಜ್ಜಿ ನನ್ನನ್ನು ಸಾಕಿದಳು. ಅಜ್ಜಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನು ಏಳಕ್ಕೆ ತವರಿಗೆ ಹೋದೆ, ಐದಕ್ಕೆ ಹೋಗಬೇಕಿತ್ತೇನೋ ಎನ್ನುತ್ತಿದ್ದಳು. ಪಕ್ಕದ ಭಟ್ಟಿಯ ಹಸೀನಾಗೆ ಅಪ್ಪ-ಅವ್ವ ಇರಲಿಲ್ಲ, ತವರೆಂಬುದೇ ಇರಲಿಲ್ಲ. ಹೆರುವ ದಿನ ಬೆಳಿಗ್ಗೆಯೂ ಮರಳು ತಿರುವುತ್ತಿದ್ದಳು. ಅವಳ ಮಗ ಎಂಬತ್ತು ದಾಟಿ ಬದುಕಿದ. ಇದರಿಂದ ಏನು ತಿಳಿಯಬೇಕು? ಏನೂ ತಿಳಿಯುವುದಿಲ್ಲ. ಒಬ್ಬ ಕೊಟ್ರಮ್ಮನಿಂದ ಗೊತ್ತಾಗುವುದಿಲ್ಲ, ಒಬ್ಬ ಹಸೀನಾಳಿಂದ ಗೊತ್ತಾಗುವುದಿಲ್ಲ. ಅದಕ್ಕೇ ಸಾವಿರಾರು ತಾಯಂದಿರು ಬೇಕು, ಅದಕ್ಕೇ ಮೂವತ್ತು ವರ್ಷ ಬೇಕು, ಅದಕ್ಕೇ ಯಾವ ಒಬ್ಬ ಮನುಷ್ಯನ ಜೇಬಿಗೂ ಆಗದ ಸಾರ್ವಜನಿಕ ಹಣ ಬೇಕು. ನಮ್ಮ ಅಜ್ಜಿ ಹೊರಬಾರದಿದ್ದ ಅಪರಾಧವನ್ನು ಸಾಯುವವರೆಗೆ ಹೊತ್ತಳು. ಅವಳ ತಪ್ಪಿಲ್ಲ ಎಂದು ಹೇಳಬಹುದಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನೀವು ಕರಗಿಸಿದಿರಿ.

ಈಗ ನನ್ನ ಮಗಳ ವಿಷಯ. ಅವಳ ಹೆಸರು ಇಬ್ಬನಿ. ಅದನ್ನು ಅವಳೂ ನೋಡಿಲ್ಲ, ನಾನೂ ಚಿಕ್ಕಂದಿನಲ್ಲಿ ಒಂದೆರಡು ಸಲ ನೋಡಿದ್ದು. ನೆಲಮನೆಗಳಿಗೆ ಗಾಳಿ ತರುವ ಕೊಳವೆಗಳ ಎಂಜಿನಿಯರು. ನಾಲ್ಕು ತಿಂಗಳ ಬಸುರಿ. ನಮ್ಮ ಸರ್ಕಾರ ಬೆಟ್ಟದ ಮೇಲೆ ತಂಪುಮನೆಗಳನ್ನು ಕಟ್ಟಿಸಿದೆ. ಬಯಲಿನ ಬಸುರಿಯರು ಅಲ್ಲಿ ಹೋಗಿ ಇರಬಹುದು. ಹಾಸಿಗೆ ಕಡಿಮೆ, ಬಸುರಿಯರು ಹೆಚ್ಚು. ಆದ್ದರಿಂದ ಒಬ್ಬೊಬ್ಬರಿಗೆ ಮೂರೇ ತಿಂಗಳು. ಯಾವ ಮೂರು ತಿಂಗಳೆಂದು ಅವರೇ ಆರಿಸಿಕೊಳ್ಳಬೇಕು. ಈಗಲೇ ಹೋಗುವುದೋ, ಕೊನೆಯ ಮೂರು ತಿಂಗಳಿಗೆ ಕಾದಿರಿಸುವುದೋ? ಆರಿಸಿದ ಮೇಲೆ ಬದಲಾಯಿಸುವಂತಿಲ್ಲ. ಉಳಿದ ತಿಂಗಳೆಲ್ಲ ಈ ಕುಲುಮೆಯಲ್ಲೇ. ತಪ್ಪಾಗಿ ಆರಿಸಿದರೆ ಅದರ ಫಲ ಗೊತ್ತಾಗುವುದು ಆ ಮಗುವಿಗೆ ಮೂವತ್ತಾದಾಗ.

ನಾವಿಬ್ಬರೂ ಡಾಕ್ಟರ ಬಳಿ ಹೋದೆವು. ಇನ್ನೂ ಚಿಕ್ಕ ವಯಸ್ಸಿನವರು, ಕಣ್ಣು ತಗ್ಗಿಸಿಕೊಂಡೇ ಮಾತಾಡಿದರು.

“ಗೊತ್ತಿಲ್ಲಮ್ಮಾ. ಗೊತ್ತಿದ್ದೂ ಹೇಳ್ತಿಲ್ಲ ಅಂದ್ಕೋಬೇಡಿ. ಯಾರಿಗೂ ಗೊತ್ತಿಲ್ಲ.”

ನಡುವಿನ ಇಷ್ಟು ವರ್ಷದಲ್ಲಿ ಯಾರೂ ಯಾಕೆ ಕಂಡುಹಿಡಿಯಲಿಲ್ಲ ಎಂದು ನೀವು ಕೇಳಬಹುದು. ನಿಮ್ಮ ಕಾಲದಲ್ಲಿ ಭಟ್ಟಿಯೊಳಗೆ ಶಾಖವಿತ್ತು, ತವರಿನ ಜಗಲಿಯಲ್ಲಿ ನೆರಳಿತ್ತು. ಎರಡನ್ನೂ ಹೋಲಿಸಿ ನೋಡಬಹುದಿತ್ತು. ನಿಮ್ಮ ನಂತರ ಎಲ್ಲ ಕಡೆ ಒಂದೇ ಶಾಖವಾಯಿತು, ಹೋಲಿಸಲು ತಂಪಿನವರು ಉಳಿಯಲಿಲ್ಲ. ಬೆಟ್ಟದ ತಂಪುಮನೆಗಳು ಬಂದ ಮೇಲೆ, 2104ರಲ್ಲಿ, ಹೊಸದೊಂದು ಅಧ್ಯಯನ ಶುರುವಾಗಿದೆ. ಅದರ ಉತ್ತರ ಬರುವುದು 2134ಕ್ಕೆ. ಇಬ್ಬನಿಯ ಮಗು ಹುಟ್ಟುವುದು ಈ ಜುಲೈಯಲ್ಲಿ. ನಿಮ್ಮ ಅಧ್ಯಯನ ನಡೆದಿದ್ದರೆ ಉತ್ತರ 2058ಕ್ಕೇ ಬಂದಿರುತ್ತಿತ್ತು. ನಾನು ಆಗ ಎರಡು ವರ್ಷದ ಕೂಸು.

ತಂಪುಮನೆಯವರಿಗೆ ಸೋಮವಾರದೊಳಗೆ ತಿಳಿಸಬೇಕಿತ್ತು. ಇಬ್ಬನಿ ಮೂರು ದಿನ ಮನೆಯವರನ್ನೆಲ್ಲ ಕೇಳಿದಳು. ಅಳಿಯ ಈಗಲೇ ಹೋಗು ಎಂದ, ಅವನ ತಾಯಿ ಕೊನೆಗೆ ಹೋಗು ಎಂದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಓದಿದ್ದೀರಲ್ಲ, ನೀವಾದರೂ ಒಂದು ಮಾತು ಹೇಳಬಾರದೇ ಎಂದು ಬೀಗಿತ್ತಿ ಚುಚ್ಚಿದರು. ಓದಿದವರು ನಿಲ್ಲಿಸಿದ್ದರಿಂದಲೇ ಈ ಪಾಡು ಎನ್ನಬೇಕೆನಿಸಿತು, ಅನ್ನಲಿಲ್ಲ. ಶನಿವಾರ ಸಂಜೆ ಹಗಲುಮುಚ್ಚು ತೆರೆದ ಕೂಡಲೇ ನನ್ನ ಮಗಳು ದುಗ್ಗಮ್ಮನ ಗುಡಿಗೆ ಹೋಗಿ ಹೂ ಕೇಳಿದಳು. ದೇವಿಯ ಬಲಭುಜದಿಂದ ಹೂ ಬಿದ್ದರೆ ಒಂದು ಅರ್ಥ, ಎಡದಿಂದ ಬಿದ್ದರೆ ಇನ್ನೊಂದು. ಗುಡಿಗೆ ಹೋಗುವ ಅಭ್ಯಾಸವೇ ಇಲ್ಲದವಳು. ಗಾಳಿಯ ವೇಗವನ್ನು ದಶಾಂಶದ ಮೂರನೆಯ ಸ್ಥಾನದವರೆಗೆ ಅಳೆಯುವವಳು. ಮರಳಿ ಬಂದು ಚಪ್ಪಲಿ ಬಿಡುತ್ತ ಹೇಳಿದಳು.

“ಅವ್ವಾ, ಹೂ ಬಲಕ್ಕೆ ಬಿತ್ತು. ಕೊನೆ ಮೂರು ತಿಂಗಳು ಅಂತ ಬರೆದು ಕಳಿಸಿದೆ. ಹೂವಿಗೂ ಗೊತ್ತಿಲ್ಲ ಅಂತ ನಂಗೊತ್ತು. ಯಾರಾದ್ರೂ ಒಬ್ಬರು ಹೇಳಬೇಕಿತ್ತಲ್ಲ.”

ದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದರು, ಅವಳಿಗೆ ತಿಳಿದಂತೆ ಹೇಳಿದಳು. ಉತ್ತರ ಕೊಡಲೆಂದೇ ಸಂಬಳ, ಕಾರು, ಕಚೇರಿ, ಮೇಜಿನ ಮೇಲೆ ಹೆಸರಿನ ಫಲಕ ಎಲ್ಲ ಪಡೆದವರು ನೀವು. ನಿಮ್ಮ ಕೆಲಸಕ್ಕೆ ಹೂವನ್ನು ಹಚ್ಚಿದ್ದೂ ನೀವು.

ಹಿಂದಂಚೆಯ ಪತ್ರದಿಂದ ಆದದ್ದು ಬದಲಾಗುತ್ತದೆಯೇ ಎಂದು ಕೌಂಟರಿನವಳನ್ನು ಕೇಳಿದೆ. ಇದುವರೆಗೆ ಯಾರಿಗೂ ಮರುಪತ್ರ ಬಂದಿಲ್ಲ ಎಂದಳು. ಬಾರದಿದ್ದರೂ ಸರಿ. ನಿಮಗಿನ್ನೂ ಎರಡು ತಿಂಗಳು ಸಮಯವಿದೆ, ಆ ಕೋಣೆ ಇನ್ನೂ ತಣ್ಣಗಿದೆ, ಮಕ್ಕಳು ಇನ್ನೂ ಅದೇ ಬಡಾವಣೆಯಲ್ಲಿ ಆಡುತ್ತಿದ್ದಾರೆ, ಡಾಕ್ಟರ್ ಬಣಕಾರ ಅವರ ಫೋನ್ ನಂಬರು ನಿಮ್ಮ ಬಳಿ ಇದೆ. ಈ ಪತ್ರವನ್ನು ಓದುವ ಸಾರ್ವಜನಿಕರೇ, ಇವರು ಮುಚ್ಚಿದ ಬಾಗಿಲ ಹಿಂದೆ ವಿಷಾದ ಸೂಚಿಸಿದರೆ ಒಪ್ಪಬೇಡಿ. ಪರಿಶೀಲಿಸುತ್ತೇವೆ ಎಂದರೂ ಒಪ್ಪಬೇಡಿ. ಒಂಬತ್ತೂ ಜನರನ್ನು ದಾವಣಗೆರೆಗೆ ಕರೆಸಿ, ಭಟ್ಟಿಯ ಹೆಂಗಸರ ಎದುರಿಗೆ ನಿಲ್ಲಿಸಿ, ಮೈಕು ಕೈಗೆ ಕೊಡಿ.

ಸಮಿತಿಯವರೇ, ಅಲ್ಲಿ ನಿಂತು, ಒಬ್ಬೊಬ್ಬರಾಗಿ ನಿಮ್ಮ ಹೆಸರು ಹೇಳಿ, ಉತ್ತರ ಕೊಡಿ. ಅಧ್ಯಯನವನ್ನು ಮತ್ತೆ ತೆರೆಯುತ್ತೀರೋ ಇಲ್ಲವೋ? ತೆರೆಯುವುದಿಲ್ಲವೆಂದರೆ, ಮೂವತ್ತು ವರ್ಷ ಕಾಯದೆಯೇ ನಿಮಗೆ ಎಲ್ಲ ತಿಳಿದಿದೆ ಎಂದಾಯಿತು. ಹಾಗಿದ್ದರೆ ನನ್ನ ಮಗಳು ಯಾವ ಮೂರು ತಿಂಗಳು ಬೆಟ್ಟಕ್ಕೆ ಹೋಗಬೇಕು, ಎಲ್ಲರಿಗೂ ಕೇಳುವಂತೆ ಹೇಳಿ.